ನಕ್ಕವರ ನಾಲಿಗೆ

"ಸರ್, ಒಂದು ಮಾತು," ಎನ್ನುತ್ತ ನರ್ಸಮ್ಮ ಒಳಗೆ ಬಂದು ಬಾಗಿಲನ್ನು ಅರ್ಧ ಮುಚ್ಚಿದಳು. "ಈಗ ಬರ್ತಿರೋದು ಹೊಲಿಗೆಯಮ್ಮ. ಬಾಯಿ ಉರಿ ಅಂತಾರೆ. ನೋಡಿ, ಔಷಧಿ ಬರೆದುಕೊಡಿ. ಆದ್ರೆ ದಯವಿಟ್ಟು ನಗಬೇಡಿ."

"ನಗಬೇಡಿ ಅಂದ್ರೆ?"

"ಅವರ ಉರಿಗೆ ಈ ಊರಲ್ಲಿ ಯಾರೂ ನಗಲ್ಲ ಸರ್. ನಕ್ಕವರಿಗೆ ಒಳ್ಳೇದಾಗಲ್ಲ."

ಹಲ್ಲಿನ ಡಾಕ್ಟರನಿಗೆ ಅಲ್ಲೇ ಅರ್ಧ ನಗು ಬಂದಿತ್ತು. ಅವನು ಆ ಊರಿಗೆ ಬಂದು ಎರಡೇ ತಿಂಗಳು. ಹಲ್ಲು ಕೀಳುವಾಗಲೂ ತಮಾಷೆ ಮಾಡುವವನೆಂದು ಅಷ್ಟರಲ್ಲೇ ಹೆಸರಾಗಿದ್ದ. ನೋವಿನಿಂದ ಬಂದವರನ್ನು ನಗಿಸಿ ಕಳಿಸುತ್ತೇನೆಂಬ ಹೆಮ್ಮೆ ಅವನಿಗೆ. ಯಾರನ್ನು ನಗಿಸಿದೆ, ಯಾರನ್ನು ನೋಡಿ ನಕ್ಕೆ ಎಂಬ ವ್ಯತ್ಯಾಸವನ್ನು ಅವನು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡವನಲ್ಲ.

ಹೊಲಿಗೆಯಮ್ಮ ಬಂದು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಳು. ಅರವತ್ತರ ಹೆಂಗಸು, ಬೆರಳ ತುದಿಗಳಲ್ಲೆಲ್ಲ ಸೂಜಿ ಚುಚ್ಚಿದ ಕಪ್ಪು ಚುಕ್ಕೆ. ದೀಪವನ್ನು ಬಾಯಿಯತ್ತ ತಿರುಗಿಸಿ, ಪುಟ್ಟ ಕನ್ನಡಿ ಹಿಡಿದು ನೋಡಿದ. ಹುಣ್ಣಿಲ್ಲ, ಬಿಳಿ ಮಚ್ಚೆಯಿಲ್ಲ. ನಾಲಿಗೆ ಮಗುವಿನದರಷ್ಟು ಶುಭ್ರವಾಗಿತ್ತು.

"ಎಷ್ಟು ದಿನದಿಂದ?"

"ಹದಿನೆಂಟು ವರ್ಷ ಆಯ್ತು. ಕೆಂಡ ಇಟ್ಟ ಹಾಗೆ."

"ಊಟ ಮಾಡುವಾಗ?"

ಅವಳು ಅಳುಕಿದಳು. "ಆಗ ಸ್ವಲ್ಪ ಕಡಿಮೆ ಇರುತ್ತೆ."

"ತಟ್ಟೆ ಮುಂದೆ ಕೂತ್ರೆ ಮಾಯ! ಬಲು ಜಾಣ ಉರಿ ಕಣಮ್ಮ ಇದು. ಬಾಯಲ್ಲಲ್ಲ, ನಿಮ್ಮ ತಲೇಲಿ ಇರೋದು," ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಅರೆಮುಚ್ಚಿದ ಬಾಗಿಲು ದಾಟಿ ಹೊರಗಿನ ಬೆಂಚಿನವರೆಗೂ ಹೋಯಿತು. ದಿನಾ ಅವನ ಮಾತಿಗೆ ಕಾದು ಕೂತು ನಗುತ್ತಿದ್ದವರು ಅವತ್ತು ತುಟಿ ಬಿಚ್ಚಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು.

ಹೊಲಿಗೆಯಮ್ಮ ಮೆಲ್ಲಗೆ ಎದ್ದು ಕೂತು ತುಟಿ ಮುಟ್ಟಿಕೊಂಡಳು. ನಾಲಿಗೆಯನ್ನು ಒಳಗೇ ಒಂದು ಸುತ್ತು ತಿರುಗಿಸಿದಳು. ಕಣ್ಣು ತುಂಬಿ ಬಂತು. "ತಪ್ಪಾಯ್ತು ಡಾಕ್ಟ್ರೇ," ಎಂದವಳೇ ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದಳು. ತನ್ನ ಸಮಯ ಹಾಳು ಮಾಡಿದ್ದಕ್ಕೆ ಹಾಗೆಂದಳೆಂದು ಅವನು ತಿಳಿದ.

ಕೈಗವಸು ತೆಗೆಯುವಷ್ಟರಲ್ಲಿ ನಾಲಿಗೆಯ ತುದಿ ಚುರುಕ್ ಎಂದಿತು. ಮನೆಗೆ ಹೋಗುವಷ್ಟರಲ್ಲಿ ಅಂಗುಳ, ಒಸಡು, ತುಟಿಯ ಒಳಭಾಗವೆಲ್ಲ ಕಾದ ಹೆಂಚು. ಬಾಯಲ್ಲಿ ತಾಮ್ರ ನೆಕ್ಕಿದ ರುಚಿ. ಮೂಗಿಗೆ ಮೇಣದ ಬತ್ತಿ ಆರಿದಾಗಿನ ಕಮಟು ವಾಸನೆ.

ಆಮೇಲಿನ ಆರು ವಾರ ಅವನು ಮಾಡದ ಉಪಾಯವಿಲ್ಲ. ಮರಗಟ್ಟಿಸುವ ಜೆಲ್ ಹಚ್ಚಿದ. ಮರಗಟ್ಟಿತು, ಅದರಡಿಯಲ್ಲಿ ಉರಿ ಹಾಗೇ ಇತ್ತು. ಪೇಸ್ಟು ಬದಲಿಸಿದ, ಐಸ್ ಚೀಪಿದ, ನರದ ಮಾತ್ರೆಯನ್ನು ಬಾಯಲ್ಲೇ ಕರಗಿಸಿ ಉಗುಳಿದ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ, ಕಬ್ಬಿಣ, ವಿಟಮಿನ್ ಎಲ್ಲವೂ ಸರಿ. ಇಬ್ಬರು ತಜ್ಞರು ಅವನ ಬಾಯಿ ನೋಡಿದರು. ಅವರು ಒಳ್ಳೆಯವರು, ನಗಲಿಲ್ಲ. "ಕೆಲವರಿಗೆ ಹೀಗಾಗುತ್ತೆ, ನಿಜವಾದ ನೋವೇ ಇದು," ಎಂದು ಒಬ್ಬರು ಅವನ ಭುಜ ಮುಟ್ಟಿದಾಗ ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಒಂದು ಮಾತನ್ನು ಹೊಲಿಗೆಯಮ್ಮನಿಗೆ ಹೇಳುವುದಕ್ಕೆ ತನಗೆ ಏನು ಖರ್ಚಾಗುತ್ತಿತ್ತು?

ಒಂದು ಮಧ್ಯಾಹ್ನ ಅವಳ ಅಂಗಡಿಗೆ ಹೋದ. ಷಟರ್ ಅರ್ಧ ಇಳಿದಿತ್ತು. ಒಳಗೆ ಮಬ್ಬು, ಮೆಷಿನ್ ಎಣ್ಣೆ, ಇಸ್ತ್ರಿ ಬಟ್ಟೆಯ ಬಿಸಿ ವಾಸನೆ. ಅವಳು ಹಣ್ಣು ತಿನ್ನುತ್ತಿದ್ದಳು. ಅವನನ್ನು ಕಂಡದ್ದೇ ಕದ್ದು ಸಿಕ್ಕಿಬಿದ್ದವಳ ಹಾಗೆ ಅದನ್ನು ಬೆನ್ನ ಹಿಂದೆ ಅಡಗಿಸಿದಳು.

"ನಿಮ್ಮ ಉರಿ ನನಗೆ ಬಂದಿದೆ, ಅಲ್ವಾ?" ಎಂದ.

ಅವಳು ಮುಖ ಎತ್ತಲಿಲ್ಲ. "ನನ್ನ ವಾರಗಿತ್ತಿಗೆ ಇತ್ತು ಈ ಉರಿ. ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ ಆಡ್ತಾಳೆ ಅಂತ ನಾನು ದಿನಾ ಆಡಿಕೊಂಡು ನಗ್ತಿದ್ದೆ. ಅವಳು ರೋಸಿಹೋಗಿ ಮಾಟ ಮಾಡಿಸಿದ್ಲು." ಗುಂಡುಸೂಜಿಯ ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟಳು.

ಒಳಗೆ ಕೆಂಪು ಮೇಣದ ನಾಲಿಗೆ. ಉದ್ದಕ್ಕೂ ಸೂಜಿ ಚುಚ್ಚಿತ್ತು. ಅವನು ಅದರ ಮೇಲೆ ಬೆರಳಿಟ್ಟ. ಬೆಚ್ಚಗಿತ್ತು. ಒದ್ದೆಯಾಗಿತ್ತು. ಬೆರಳಡಿಯಲ್ಲಿ ಮಿಸುಕಿತು.

"ಅವಳು ಮಾಡಿಸಿದ್ದು ಇದೇ. ಎಷ್ಟೋ ಸಲ ಕರಗಿಸಿದೆ. ಬೆಳಗಾದ್ರೆ ಡಬ್ಬೀಲಿ ಹಾಗೇ ಇರುತ್ತೆ. ಉರಿ ಪಡೋರನ್ನ ನೋಡಿ ಯಾರು ನಗ್ತಾರೋ ಅವರ ಬಾಯಿಗೆ ಉರಿ ಹೋಗುತ್ತೆ. ಯಾಕೆ ನಕ್ಕರು ಅಂತ ಅದು ಕೇಳಲ್ಲ. ನಗು ಮಾತ್ರ ನಿಜವಾಗಿರಬೇಕು."

"ಗೊತ್ತಿದ್ದೂ ನನ್ನ ಹತ್ರ ಬಂದ್ರಾ?"

ಅವಳು ಡಬ್ಬಿಯ ಮುಚ್ಚಳ ಹಾಕುತ್ತ ಅಂದಳು: "ಹೊಸ ಡಾಕ್ಟ್ರು ಎಲ್ಲಾದಕ್ಕೂ ನಗ್ತಾರೆ ಅಂತ ಜನ ಹೇಳ್ತಿದ್ರು. ಅದಕ್ಕೇ ಬಂದೆ. ಸಾಕಾಗಿತ್ತಪ್ಪ."

ಅವನು ಅವಳನ್ನು ಬೈಯದೆ ಷಟರಿನಡಿ ಬಗ್ಗಿ ಹೊರಬಿದ್ದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಓಡಿದ್ದು ಒಂದೇ ಯೋಚನೆ: ನಾನು ಯಾರ ಹತ್ತಿರ ಹೋಗಲಿ? ಪಕ್ಕದ ಊರಲ್ಲಿ ಹಳೆಯ ಸಹಪಾಠಿಯೊಬ್ಬನಿದ್ದ, ಸೊಕ್ಕಿನವನು. ಓದುವಾಗ ಇವನನ್ನು ಸದಾ ಗೇಲಿ ಮಾಡುತ್ತಿದ್ದ. ಅವನಾದರೆ ನಗದೇ ಇರುವವನಲ್ಲ.

ಭಾನುವಾರ ಬೆಳಿಗ್ಗೆ ಡಾಕ್ಟರ್ ಬಚ್ಚಲ ಕನ್ನಡಿಯ ಮುಂದೆ ನಿಂತು ಸಹಪಾಠಿಯನ್ನು ನಗಿಸುವ ಅಭ್ಯಾಸಕ್ಕೆ ತೊಡಗಿದ. ನಾಲಿಗೆ ಹೊರಚಾಚಿದ. ಕಣ್ಣು ಮೇಲೆ ಮಾಡಿದ. ದಣಿದ ನಾಯಿಯ ಹಾಗೆ ತೇಕಿದ. "ಅಯ್ಯೋ ಉರಿ, ಅಯ್ಯೋ ಉರಿ," ಎಂದು ಕುಣಿದ. ತನ್ನ ನೋವನ್ನು ತಾನೇ ಕೋಡಂಗಿ ಮಾಡಿದ.

ಬೆನ್ನ ಹಿಂದೆ ಕಿಲಕಿಲ ನಗು.

ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಅವನ ಮಗಳು. ಆರು ವರ್ಷದವಳು. "ಅಪ್ಪಾ, ಇನ್ನೊಂದ್ಸಲ!"

ಉರಿ ನಿಂತಿತು. ದೀಪ ಆರಿಸಿದ ಹಾಗೆ, ಒಂದೇ ಸಲಕ್ಕೆ. ಎದುರಿಗೆ ಲೋಟದಲ್ಲಿ ನೀರಿತ್ತು. ಅವನ ಕೈ ತಾನಾಗಿ ಅದನ್ನೆತ್ತಿತು. ಒಂದು ಗುಟುಕು ಕುಡಿದ. ಸಿಹಿಯಾಗಿತ್ತು. ತಿರುಗಿ ನೋಡುವ ಮೊದಲು ಅವನು ಇನ್ನೂ ಒಂದು ಗುಟುಕು ಕುಡಿದ.

ಆಮೇಲೆ ಮಗು ಕಿರುಚಿತು.

ಹೆಂಡತಿ ಅಡಿಗೆಮನೆಯಿಂದ ಓಡಿಬಂದಳು. "ಏನಾಯ್ತು? ಏನು ತಿಂದ್ಲು?" ಗುಬ್ಬಿ ನೆಲದ ಮೇಲೆ ಹೊರಳುತ್ತ ಉಗುರಿನಿಂದ ನಾಲಿಗೆ ಪರಚುತ್ತಿದ್ದಳು. ಹೆಂಡತಿ ಬಾಯಿಗೆ ನೀರು ಹಾಕಿದಳು. ಐಸ್ ತರಲು ಓಡಿದಳು. ಮೇಣದ ಕಮಟು ಬಚ್ಚಲೆಲ್ಲ ತುಂಬಿತು.

ನಗಬೇಕು. ಈಗಲೇ. ಅವನು ಮಂಡಿಯೂರಿದ. "ಹ್ಹಹ್ಹ," ಎಂದ. ಏನೂ ಆಗಲಿಲ್ಲ. ಜೋರಾಗಿ ಹಲ್ಲು ಕಿರಿದ. ಒಣ ಕೆಮ್ಮಿನ ಹಾಗೆ ಸದ್ದು ಬಂತು. ಮಗು ಕಿರುಚುತ್ತಲೇ ಇತ್ತು. ಅವನ ಕಣ್ಣಲ್ಲಿ ನೀರು. ನಗು ಎಲ್ಲಿದೆ? ಇಷ್ಟು ವರ್ಷ ಸುರಿದ ನಗು ಎಲ್ಲಿ ಹೋಯಿತು?

ಗುಬ್ಬಿ ಅವನತ್ತ ಮುಖ ಎತ್ತಿದಳು. ನಾಲಿಗೆ ಹೊರಗೆ. ಕಣ್ಣು ಮೇಲೆ. ತೇಕು. ಅವನು ಕನ್ನಡಿಯಲ್ಲಿ ಕುಣಿಸಿದ ಮುಖವೇ, ಪುಟ್ಟದಾಗಿ, ಮೂಗು ಸುರಿಸಿಕೊಂಡು.

ಬಂತು. ಹೊಟ್ಟೆಯಾಳದಿಂದ, ಅವನು ಕರೆಯದೆಯೇ ಬಂತು. ಕುರ್ಚಿಯಲ್ಲಿ ಮಲಗಿದ ಎಷ್ಟೋ ಜನರ ಮುಂದೆ ನಕ್ಕ ಅದೇ ನಗು. ನಟನೆಯಲ್ಲ. ಅವನಿಗೆ ಗೊತ್ತಿತ್ತು, ನಟನೆಯಲ್ಲ. ಮಗಳ ಸಂಕಟ ಕಂಡು ಅಪ್ಪ ಗೋಡೆಗೆ ಒರಗಿ ಬಿದ್ದು ಬಿದ್ದು ನಕ್ಕ. ನಗುತ್ತಿರುವಾಗಲೇ ನಾಲಿಗೆಗೆ ಬೆಂಕಿ ಹತ್ತಿತು.

ಕಿರುಚಾಟ ನಿಂತಿತು. ಬಾಗಿಲಲ್ಲಿ ಹೆಂಡತಿ ಐಸ್ ಬಟ್ಟಲು ಹಿಡಿದು ನಿಂತಿದ್ದಳು. ಗುಬ್ಬಿ ತೆವಳಿಕೊಂಡು ಹೋಗಿ ಅವಳ ಕಾಲಿಗೆ ಆತುಕೊಂಡಳು. "ಅಮ್ಮಾ," ಎಂದಳು, "ನಂಗೆ ಉರೀತಿತ್ತು. ಅಪ್ಪ ನಕ್ರು."

ಮಗು ಮಲಗಿದ ಮೇಲೆ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ನೀರಿನ ಎರಡು ಗುಟುಕನ್ನೂ ಬಿಡಲಿಲ್ಲ. ಅವಳು ಮಗುವಿನ ಹೊದಿಕೆ ಸರಿಪಡಿಸಿದಳು. "ನಂಬ್ತೀನಿ ರೀ," ಎಂದಳು. "ಆದ್ರೆ ಆ ನಗು ನಾನೂ ಕೇಳಿದೆ."

ಅವನು ಪಕ್ಕದ ಊರಿಗೆ ಹೋಗಲಿಲ್ಲ. ಬಾಯುರಿಯೆಂದು ಬಂದವರ ಮಾತನ್ನು ಈಗ ಮುಗಿಯುವ ತನಕ ಕೇಳುತ್ತಾನೆ. ತನ್ನ ಉರಿಯ ಮಾತನ್ನು ಯಾರೊಂದಿಗೂ ಎತ್ತುವುದಿಲ್ಲ. ಮಗಳನ್ನು ಕೂರಿಸಿಕೊಂಡು, "ನಿನ್ನ ನೋವು ತಗೊಳ್ಳೋಕೆ ನಕ್ಕೆ ಪುಟ್ಟಾ," ಎಂದು ಮೂರು ಸಲ ಹೇಳಿದ. ದೊಡ್ಡವರ ಮಾತಿಗೆ ಮಕ್ಕಳು ತಲೆಯಾಡಿಸುವ ಹಾಗೆ ಅವಳು ಮೂರು ಸಲವೂ ತಲೆಯಾಡಿಸಿದಳು.

ಮಳೆಗಾಲ ಕಳೆಯುವಷ್ಟರಲ್ಲಿ ಗುಬ್ಬಿಯ ಮುಂದಿನ ಹಲ್ಲು ಅಲ್ಲಾಡತೊಡಗಿತು. ಅವನಿಗೆ ಅದು ತಿಳಿದದ್ದು ಹೆಂಡತಿಯಿಂದ. "ತೋರಿಸು ಪುಟ್ಟಾ, ಅಪ್ಪ ನೋಡ್ತೀನಿ," ಎಂದು ಅವನು ಕೈ ಚಾಚಿದಾಗ, ಅವಳು ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಗೋಡೆ ಸಿಗುವ ತನಕ ಹಿಂದೆ ಹಿಂದೆ ಸರಿದಳು.