ರೆಫರಿ ಬಾರದ ಭಾನುವಾರ

1943ರ ಡಿಸೆಂಬರ್ 14, ಮಂಗಳವಾರ. ಬೆಳಗ್ಗೆ ಒಂಬತ್ತೂಕಾಲಕ್ಕೆ ಕೊಪ್ಪದ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಶೃಂಗೇರಿಯಿಂದ ಮೊದಲನೇ ಬಸ್ಸಿಗೆ ಬಂದಿದ್ದಳು. ಇನ್ಸ್‌ಪೆಕ್ಟರ್ ಪರಮಶಿವಯ್ಯ ಬೆಂಚು ತೋರಿಸಿದರು. ಆಕೆ ಕೂರಲಿಲ್ಲ.

“ಹೆಸರು?”

“ದೇವಕಿ. ನಮ್ಮನೆಯವರು ಭಾನುವಾರ ಬೆಳಗ್ಗೆ ಹೋದೋರು ಇನ್ನೂ ಬರ್ಲಿಲ್ಲ.”

“ಯಜಮಾನರ ಹೆಸರು?”

ಗಂಡನ ಹೆಸರನ್ನು ಬಾಯಲ್ಲಿ ಹೇಳುವುದುಂಟೆ? ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಕಾರ್ಡನ್ನು ಮೇಜಿನ ಮೇಲಿಟ್ಟಳು. ಜಿಲ್ಲಾ ಫುಟ್‌ಬಾಲ್ ಲೀಗಿನ ಕಾರ್ಯದರ್ಶಿ ಬರೆದದ್ದು. ಶೃಂಗೇರಿಯ ಉಪಾಧ್ಯಾಯ ರಘುಪತಿ ಭಟ್ಟರು 12ನೇ ತಾರೀಕು ಭಾನುವಾರ ಸಂಜೆ ನಾಲ್ಕು ಗಂಟೆಗೆ ನರಸಿಂಹರಾಜಪುರದಲ್ಲಿ ರೆಫರಿಯಾಗಿ ಹಾಜರಿರತಕ್ಕದ್ದು. ಎರಡನೇ ಡಿವಿಷನ್‌ನ ಕೊನೆಯ ಪಂದ್ಯ. ಆಡುವವರು ಆ ಊರಿನ ಭದ್ರಾ ಕ್ಲಬ್ಬು ಮತ್ತು ಕೊಪ್ಪದ ತಂಡ.

“ಕೈಯಲ್ಲಿ ದುಡ್ಡಿತ್ತೆ?”

“ಬಸ್ಸಿನ ಚಾರ್ಜು. ಮತ್ತೊಂದು ಪೀಪಿ.”

“ಆಗದವರು ಯಾರಾದರೂ?”

“ಸೋತ ಊರಿನೋರೆಲ್ಲ.”

ಹೆಂಡತಿ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ ನಾಲಿಗೆಗೆ ಹಚ್ಚಿ ನೋಡದೆ ನಂಬದ ಮನುಷ್ಯ ಪರಮಶಿವಯ್ಯ. ಈ ಹೆಂಗಸನ್ನು ಮಾತ್ರ ಆ ಕ್ಷಣವೇ ನಂಬಿದರು.

“ಇನ್ನೊಂದು ಬರ್ಕೊಳ್ಳಿ,” ಎಂದಳು ದೇವಕಿ. “ಅವರು ಹೊರಗೆ ಯಾರ ಕೈಯಡುಗೇನೂ ಉಣ್ಣೋರಲ್ಲ. ಚರ್ಮದ ಚೆಂಡು ಮುಟ್ಟಿದ್ದಕ್ಕೇ ಸ್ನಾನ ಮಾಡೋರು. ಎರಡು ಹೊತ್ತಿಗಾಗೋ ಅಷ್ಟು ಅವಲಕ್ಕಿ ಕಟ್ಟಿ ಕೊಟ್ಟಿದ್ದೆ. ಇವತ್ತಿಗೆ ಮೂರು ದಿನ.” 

ಒಂಬತ್ತು ಐವತ್ತಕ್ಕೆ ಎಫ್.ಐ.ಆರ್. ದಾಖಲಾಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕಿಗೆ ಪರಮಶಿವಯ್ಯನವರೇ ಇನ್ಸ್‌ಪೆಕ್ಟರು. ದಫೇದಾರ್ ಬೈರಪ್ಪನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಯುದ್ಧ ಬಂದು ಪೆಟ್ರೋಲು ಹೋಗಿ, ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಿಂದ ಓಡಲು ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡಿದ್ದ ಕಾಲ. ನರಸಿಂಹರಾಜಪುರದ ಬಸ್ಸಿನ ಕಂಡಕ್ಟರ್ ತಿಮ್ಮಪ್ಪ ಆ ಡ್ರಮ್ಮಿಗೆ ಗಾಳಿ ಹಾಕುತ್ತ ಕೂತಿದ್ದ.

“ಭಾನುವಾರ ಶೃಂಗೇರಿ ಮೇಷ್ಟ್ರು ನಿನ್ನ ಬಸ್ಸಿನಲ್ಲಿ ಇದ್ದರೇನೋ?”

“ಇದ್ರು ಸಾಹೇಬ್ರೆ. ಆದ್ರೆ ಊರ ತನಕ ಬರ್ಲಿಲ್ಲ. ಕಡಹಿನಬೈಲಿಗೆ ತಿರುಗೋ ದಾರೀಲಿ ಎತ್ತಿನ ಗಾಡಿ ನಿಂತಿತ್ತು. ಗಾಡಿಯವನು ಕೈ ಮಾಡಿ ಒಂದು ಕಾಗದ ಕೊಟ್ಟ. ಮೇಷ್ಟ್ರು ಓದ್ಕೊಂಡು ತಾವಾಗೇ ಇಳಿದ್ರು.”

“ಎಷ್ಟು ಹೊತ್ತಿಗೆ?”

“ಹನ್ನೊಂದಾಗಿತ್ತು.”

“ಗಾಡಿಯವನು ಯಾರು?”

“ಮುಖ ಕಾಣ್ಲಿಲ್ಲ. ಕಂಬಳಿ ಕೊಪ್ಪೆ ಹಾಕಿದ್ದ.”

“ಹನ್ನೊಂದು ಗಂಟೆ ಬಿಸಿಲಲ್ಲಿ ಕಂಬಳಿ ಕೊಪ್ಪೆಯೇನೋ, ಮಾರಾಯ? ನಿನಗೆ ಅನುಮಾನ ಬರಲಿಲ್ಲವೆ?”

“ಅನುಮಾನ ಪಡ್ತಾ ಕೂತ್ರೆ ಇದ್ದಿಲು ಆರೋಗ್ತದೆ, ಸಾಹೇಬ್ರೆ.”

ಅದೇ ಬಸ್ಸಿನಲ್ಲಿ ಹೊರಟರು. ತಿರುವಿನಲ್ಲಿ ಬೈರಪ್ಪ ಇಳಿದು ಕಡಹಿನಬೈಲಿಗೆ ಹೋದ. ಪರಮಶಿವಯ್ಯ ಊರು ಸೇರಿ, ಎರಡು ಗಂಟೆಗೆ ಭದ್ರಾ ಕ್ಲಬ್ಬಿನ ಬಾಗಿಲಲ್ಲಿ ನಿಂತರು.

ಕ್ಲಬ್ಬು ಅಂದರೆ ಮರದ ಡಿಪೋದ ಮಗ್ಗುಲಿನ ಒಂದು ಕೋಣೆ. ತೇಪೆ ಹಾಕಿದ ಒಂದೇ ಚೆಂಡು, ಬಣ್ಣ ಹೋದ ಬನಿಯನ್ನುಗಳು. ಗೋಡೆಯ ಮೇಲೆ ಮಿಲಿಟರಿ ಉಡುಪಿನ ಇಬ್ಬರು ಹುಡುಗರ ಪಟ, ಒಂದಕ್ಕೆ ಹಾರ. ಕಾರ್ಯದರ್ಶಿ ರೇಣುಕಪ್ಪ ಐವತ್ತು ದಾಟಿದ ಭತ್ತದ ವ್ಯಾಪಾರಿ. ಇನ್ಸ್‌ಪೆಕ್ಟರನ್ನು ಕಂಡದ್ದೇ ಮಜ್ಜಿಗೆ ತರಿಸಿದ, ಕುರ್ಚಿಯನ್ನು ತನ್ನ ವಲ್ಲಿಯಿಂದಲೇ ಒರೆಸಿದ. ಅತಿ ವಿನಯಂ ಧೂರ್ತ ಲಕ್ಷಣಂ ಎಂದುಕೊಂಡರು ಪರಮಶಿವಯ್ಯ. ಮಜ್ಜಿಗೆಯನ್ನೇನೋ ಕುಡಿದರು.

“ಮೇಷ್ಟ್ರು ಎಲ್ಲಿ, ರೇಣುಕಪ್ಪನವರೆ?”

“ನಮಗೆಂಗೆ ಗೊತ್ತಾಗ್ಬೇಕು? ಎರಡು ಗಂಟೆಯಿಂದ ಕತ್ತಲಾಗೋ ತನಕ ಮೈದಾನದಾಗೆ ಕಾದ್ವಿ. ಕೊಪ್ಪದೋರನ್ನ ವಿಚಾರಿಸಿ, ಸಾಹೇಬ್ರೆ.”

“ಕೊಪ್ಪದವರು ಆಗಲೇ ಡಿವಿಷನ್ ಗೆದ್ದಾಗಿದೆಯಲ್ಲ. ರೆಫರಿಯನ್ನು ಬಚ್ಚಿಟ್ಟು ಅವರಿಗೆ ಆಗಬೇಕಾದ್ದೇನು?”

ಲೀಗಿನ ನಿಯಮಾವಳಿ ಮೇಜಿನ ಮೇಲೇ ಇತ್ತು. ಪರಮಶಿವಯ್ಯ ಅದನ್ನು ತೆಗೆದಾಗ ಪುಸ್ತಕ ತಾನಾಗಿ ಹದಿನಾಲ್ಕನೇ ನಿಯಮಕ್ಕೆ ತೆರೆದುಕೊಂಡಿತು. ಉಭಯ ತಂಡಗಳ ತಪ್ಪಿಲ್ಲದೆ ಪಂದ್ಯ ನಡೆಯದೆ ಹೋದಲ್ಲಿ ತಲಾ ಒಂದು ಪಾಯಿಂಟು ಕೊಡತಕ್ಕದ್ದು.

ಮೂಲೆಯಲ್ಲಿ ಗೋಲಿನ ಬಲೆ ಹೊಲಿಯುತ್ತಿದ್ದ ಎತ್ತರದ ಆಳನ್ನು ಕೇಳಿದರು. “ನೀನು ಯಾರಪ್ಪ?”

“ಮಲ್ಲೇಶಪ್ಪ. ಗೋಲ್‌ಕೀಪರ್.”

“ನಿಮಗೆಷ್ಟು ಪಾಯಿಂಟು ಬೇಕಿತ್ತು?”

“ಒಂದು.”

“ಅದು ಸಿಕ್ಕದಿದ್ದರೆ?”

“ಮೂರನೇ ಡಿವಿಷನ್. ಆಮೇಲೆ ಕ್ಲಬ್ಬೇ ಇಲ್ಲ. ಡಿಪೋ ಗುತ್ತಿಗೆದಾರರು ಹೇಳಿಯಾಗಿದೆ. ಎರಡನೇ ಡಿವಿಷನ್‌ನಾಗೆ ಇರೋ ತನಕ ಕ್ಲಬ್ಬಿಗೆ ಚಂದಾ, ನಮಗೆ ಹನ್ನೊಂದು ಜನಕ್ಕೂ ಡಿಪೋದಾಗೆ ಕೆಲಸ. ಬಿದ್ರೆ ಎರಡೂ ಬಂದ್.”

“ಕೆಲಸ ಹೋದರೆ ಏನು ಮಾಡ್ತೀ?”

“ಶಿವಮೊಗ್ಗಕ್ಕೆ ಹೋಗಿ ಮಿಲಿಟರಿಗೆ ಭರ್ತಿ ಆಗೋದು. ಇನ್ನೇನದೆ?”

ರೇಣುಕಪ್ಪ ಪಟದ ಕಡೆ ಬೆನ್ನು ಮಾಡಿ ನಿಂತುಬಿಟ್ಟ. ಅದನ್ನೂ ಪರಮಶಿವಯ್ಯ ಗಮನಿಸಿದರು. ಹಾಗೆಂದು ಅನುಮಾನಕ್ಕೇ ಕೋಳ ತೊಡಿಸಿ ಕರೆದೊಯ್ಯಲಾದೀತೆ?

ಮೂರು ಗಂಟೆಗೆ ಬೈರಪ್ಪ ಧೂಳು ಮೆತ್ತಿಕೊಂಡು ಬಂದ. ಕಡಹಿನಬೈಲಿನಲ್ಲಿ ಯಾವ ಮೇಷ್ಟ್ರನ್ನೂ ಯಾರೂ ಕಂಡಿಲ್ಲ. “ಹೊಳೇಲಿ ಹುಡುಕಿಸಾಣವೇನು?” ಎಂದು ಮೆಲ್ಲಗೆ ಕೇಳಿದ.

ಆ ಯೋಚನೆ ಬೆಳಗಿನಿಂದ ಪರಮಶಿವಯ್ಯನವರಿಗೂ ಇತ್ತು. “ಸತ್ತಿದ್ದರೆ ಹೊಳೆ ಹುಡುಕೋಣ. ಬದುಕಿದ್ದರೆ ಒಲೆ ಹುಡುಕಬೇಕು. ಎರಡು ಹೊತ್ತಿನ ಅವಲಕ್ಕಿ ಮುಗಿದು ಎಷ್ಟು ಹೊತ್ತಾಯ್ತು? ಆತ ಪರಜಾತಿಯವರ ಪಾತ್ರೆಯಲ್ಲಿ ಬೇಯಿಸಿದ್ದು ಮುಟ್ಟುವವನಲ್ಲ. ಈ ಊರಿನ ಬ್ರಾಹ್ಮಣರ ಮನೆಗಳಿಗೆ ಹೋಗು. ಶನಿವಾರದಿಂದೀಚೆಗೆ ಯಾರಾದರೂ ಅಡುಗೆ ಪಾತ್ರೆ ಕೇಳಿ ಒಯ್ದಿದ್ದಾರೋ, ವಿಚಾರಿಸು.”

ಬೈರಪ್ಪನಿಗೆ ಇದು ಹುಚ್ಚೆನಿಸಿತು. ಆದರೆ ನಾಲ್ಕನೇ ಮನೆಯಲ್ಲೇ ಹುಚ್ಚು ಫಲ ಕೊಟ್ಟಿತು. ಊಟದ ಮನೆ ನಡೆಸುವ ಸುಬ್ಬಮ್ಮ ನಾಲ್ಕೂವರೆಗೆ ತಮ್ಮ ಜಗಲಿಯ ಮೇಲೆ ಕೂತೇ ಹೇಳಿಕೆ ಕೊಟ್ಟರು.

“ಕಂಚಿನ ತಪ್ಪಲೆ, ಒಂದು ಸೌಟು. ಶನಿವಾರ ಸಂಜೆ ಒಯ್ದದ್ದು. ಬ್ರಾಹ್ಮಣರೊಬ್ಬರು ಅತಿಥಿ ಬತ್ತಾರೆ, ಸ್ವಯಂಪಾಕ ಆಗ್ಬೇಕು ಅಂದ.”

“ಯಾರು ಅಂದದ್ದು?”

“ಭತ್ತದ ರೇಣುಕಪ್ಪ. ಪಾಪ, ಎಂಥಾ ನಿಷ್ಠೆ ಅಂತೀರಿ! ತನ್ನ ಕೈ ಮುಟ್ಟಿದ್ರೆ ಮೈಲಿಗೆ ಆಗ್ತದೆ ಅಂತ ಒಗೆದ ಪಂಚೇಲಿ ಸುತ್ತಿಸ್ಕೊಂಡು, ಪಂಚೆ ತುದಿ ಹಿಡ್ಕೊಂಡು ಹೋದ.”

ಪರಮಶಿವಯ್ಯನವರಿಗೆ ನಗು ಬಂತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎಷ್ಟೋ ಅಪಹರಣ ಕಂಡಿದ್ದರು. ಅಪಹರಣವಾದವನ ಮಡಿ ಕೆಡದಂತೆ ನೋಡಿಕೊಂಡ ಅಪರಾಧಿ ಇವನೇ ಮೊದಲು.

ಐದೂಕಾಲಕ್ಕೆ ರೇಣುಕಪ್ಪನ ಮನೆಯಲ್ಲಿ ಇಬ್ಬರು ಪಂಚರೆದುರು ಶೋಧನೆ ನಡೆಯಿತು. ಗೂಟಕ್ಕೆ ನೇತುಹಾಕಿದ್ದ ಕೋಟಿನ ಜೇಬಿನಲ್ಲಿ ಅಂಚೆಗೆ ಹಾಕದ ಎರಡು ಲಕೋಟೆಗಳಿದ್ದವು. ಒಂದು ಶೃಂಗೇರಿ ಶಾಲೆಯ ಹೆಡ್ ಮಾಸ್ಟರಿಗೆ, ಇನ್ನೊಂದು ಸೌಭಾಗ್ಯವತಿ ದೇವಕಿಗೆ. ಎರಡರ ಹಿಂದೂ ರಘುಪತಿ ಭಟ್ಟರ ಹೆಸರು. ಪಂಚನಾಮೆ ಬರೆಯುವಾಗ ರೇಣುಕಪ್ಪನ ಹೆಂಡತಿ ನೀಲಾಂಬಿಕೆ ಕಂಬ ಹಿಡಿದು ನಿಂತಿದ್ದಳು. “ಎಂತ ಮಾಡಿಬಿಟ್ರಿ ನೀವು?” ಎಂದು ಗಂಡನನ್ನು ಕೇಳಿದ್ದಷ್ಟೇ.

“ಇವನ್ನು ಹರಿದು ಹಾಕಿದ್ದರೆ ನಿನ್ನ ಮೇಲೆ ಸಾಕ್ಷಿಯೇ ಕಡಿಮೆಯಾಗುತ್ತಿತ್ತಲ್ಲಯ್ಯ,” ಎಂದರು ಪರಮಶಿವಯ್ಯ.

“ಒಬ್ಬರು ಹೆಂಡ್ತಿಗೆ ಬರೆದ ಕಾಗದ ಹೆಂಗೆ ಹರಿಯೋದು, ಸಾಹೇಬ್ರೆ?”

ಗಾಡಿ ಹೂಡಿಸಿ ಅವನೇ ದಾರಿ ತೋರಿಸಿದ. ಕಡಹಿನಬೈಲಿಗೆ ಒಂದು ಮೈಲಿ ಇತ್ತಲಾಗಿ, ಗದ್ದೆಗಳ ನಡುವೆ ಅವನದೊಂದು ಕಣದ ಮನೆ. ಬಾಗಿಲಿಗೆ ಬೀಗವಿಲ್ಲ, ಅಗುಳಿಯೂ ಇಲ್ಲ. ಒಳಗೆ ರಘುಪತಿ ಭಟ್ಟರು ಒದ್ದೆ ಪಂಚೆಯಲ್ಲಿ ಕೂತು, ಕಂಚಿನ ತಪ್ಪಲೆಯಿಂದ ಗಂಜಿ ಬಸಿಯುತ್ತಿದ್ದರು. ಪೊಲೀಸರನ್ನು ಕಂಡು ಗಾಬರಿಯಾದರು.

“ಊರಲ್ಲಿ ಪ್ಲೇಗು ಹೇಗಿದೆ? ತುಂಬಾ ಜನ ಹೋದರೆ?”

“ಯಾವ ಪ್ಲೇಗು ಸ್ವಾಮಿ?”

ಭಟ್ಟರು ಜೋಪಾನವಾಗಿಟ್ಟಿದ್ದ ಕಾಗದ ಕೊಟ್ಟರು. ಊರಲ್ಲಿ ಇಲಿ ಬಿದ್ದಿದೆ, ಪಂದ್ಯ ಬುಧವಾರಕ್ಕೆ ಮುಂದೆ ಹೋಗಿದೆ, ಅಲ್ಲಿಯವರೆಗೆ ಊರ ಹೊರಗೇ ಇರತಕ್ಕದ್ದು ಎಂದಿತ್ತು. ಕೆಳಗೆ ಲೀಗಿನ ಕಾರ್ಯದರ್ಶಿಯ ಸಹಿ. ಸಹಿ ಖೋಟಾ. ಆರೂ ನಲವತ್ತಕ್ಕೆ ರೇಣುಕಪ್ಪನನ್ನು ದಸ್ತಗಿರಿ ಮಾಡಲಾಯಿತು.

“ನಾನು ಫಿರ್ಯಾದು ಕೊಡೋದಿಲ್ಲ,” ಎಂದರು ಭಟ್ಟರು. “ದಿನಾ ಹಾಲು, ತರಕಾರಿ ತಂದು ಹೊಸ್ತಿಲ ಹೊರಗಿಟ್ಟು ಹೋಗ್ತಿದ್ರು. ನಾನು ಅವರ ಅತಿಥಿ.”

“ಫಿರ್ಯಾದು ನಿಮ್ಮ ಮನೆಯವರು ಕೊಟ್ಟಾಗಿದೆ,” ಎಂದರು ಪರಮಶಿವಯ್ಯ. “ಮೂರು ದಿನದಿಂದ ಅವರು ಉಂಡಹಾಗಿಲ್ಲ. ಮೊದಲು ಅವರಿಗೆ ಮುಖ ತೋರಿಸಿ.”

ಅದನ್ನು ಕೇಳಿ ರೇಣುಕಪ್ಪ ಮೊದಲ ಸಲ ತಲೆ ತಗ್ಗಿಸಿದ. ಗಾಡಿಯಲ್ಲಿ ವಾಪಸು ಬರುವಾಗ, ಯಾರೂ ಕೇಳದೆ, ತಾನಾಗಿ ಬಾಯಿ ಬಿಟ್ಟ.

“ಹೋದ ವರ್ಷ ಡಿಪೋದಾಗೆ ಎರಡು ಕೆಲಸ ಕಡಿಮೆ ಆದ್ವು. ಇಬ್ಬರು ಹುಡುಗರನ್ನ ನಾನೇ ಕೈ ಹಿಡಿದು ಭರ್ತಿ ಆಫೀಸಿಗೆ ಕರ್ಕೊಂಡು ಹೋದೆ. ಸಂಬಳ ಬತ್ತದೆ ಅಂತ. ಒಬ್ಬಂದು ತಾರು ಬಂತು. ಯಮುನಮ್ಮ ಅವನ ತಾಯಿ. ಆಯಮ್ಮನಿಗೆ ತಾರು ಓದಿ ಹೇಳಿದೋನೂ ನಾನೇ. ಇನ್ನೂ ಹನ್ನೊಂದು ತಾರು ಓದೋ ಶಕ್ತಿ ನನಗಿಲ್ಲ, ಸಾಹೇಬ್ರೆ. ಒಂದು ಪಾಯಿಂಟು ಸಾಕಿತ್ತು.”

ಪರಮಶಿವಯ್ಯ ಅದನ್ನು ಹೇಳಿಕೆಯಲ್ಲಿ ಇದ್ದಂತೆಯೇ ಬರೆದುಕೊಂಡರು. ಖೋಟಾ ಪತ್ರಕ್ಕೆ ಕಾನೂನಿನಲ್ಲಿ ಅಂಥ ರಿಯಾಯಿತಿ ಇರಲಿಲ್ಲ.

ಲೀಗಿನವರು ಪಂದ್ಯವನ್ನು 19ನೇ ತಾರೀಕಿಗೆ ಮತ್ತೆ ಇಟ್ಟರು. ರೆಫರಿ ರಘುಪತಿ ಭಟ್ಟರೇ. ಈ ಸಲ ದೇವಕಿ ಜೊತೆಯಲ್ಲೇ ಬಂದು ಸುಬ್ಬಮ್ಮನ ಮನೆಯಲ್ಲಿ ಇಳಿದಿದ್ದಳು. ಆದರೆ ಕಾರ್ಯದರ್ಶಿಯೇ ಜೈಲು ಸೇರಿದ ಕ್ಲಬ್ಬಿನ ಹೆಸರು ತನಗೆ ಬೇಡವೆಂದು ಡಿಪೋದ ಗುತ್ತಿಗೆದಾರ ಗುರುವಾರವೇ ಚಂದಾ, ಕೆಲಸ ಎರಡನ್ನೂ ನಿಲ್ಲಿಸಿ ಕೈ ತೊಳೆದುಕೊಂಡಿದ್ದ.

ನರಸಿಂಹರಾಜಪುರದ ತಾಲೂಕು ಕಚೇರಿಯ ಹಿಂದಿನ ಸಬ್‌ಜೈಲಿಗೂ ಮೈದಾನಕ್ಕೂ ನಡುವೆ ಒಂದೇ ಗೋಡೆ. ನಾಲ್ಕು ಗಂಟೆಗೆ ಪೀಪಿ ಊದಿದ್ದು ಕೇಳಿಸಿತು. ಪರಮಶಿವಯ್ಯ ಜೈಲಿನ ಜಗಲಿಯ ಮೇಲೆ ನಿಂತಿದ್ದರು. ಅಲ್ಲಿಂದ ಮೈದಾನ ಕಾಣುತ್ತಿತ್ತು, ಸರಳಿನೊಳಗಿದ್ದ ರೇಣುಕಪ್ಪನಿಗೆ ಕಾಣುತ್ತಿರಲಿಲ್ಲ.

“ನಮ್ಮೋರು ಎಷ್ಟು ಜನ ಇಳಿದವ್ರೆ, ಸಾಹೇಬ್ರೆ?”

ಪರಮಶಿವಯ್ಯ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಎಂಟು.

“ಹನ್ನೊಂದು,” ಎಂದರು.

“ಗೋಲಿನಾಗೆ ಯಾರು?”

“ಮಲ್ಲೇಶಪ್ಪ.”

ರೇಣುಕಪ್ಪ ಸರಳು ಬಿಟ್ಟು ಹಿಂದೆ ಸರಿದು ಕೂತ.

“ಅವನು ಶುಕ್ರವಾರ ಇಲ್ಲಿಗೆ ಬಂದು, ಕಿಟಕಿಯಿಂದ ಕೈ ಮುಗಿದು ಶಿವಮೊಗ್ಗದ ಬಸ್ಸು ಹತ್ತಿದ, ಸಾಹೇಬ್ರೆ.”