ಕರ್ನಲ್ ರಿವೆಟ್‌ನ ಎಡಗೈ

ರಬ್ಬರ್ ಅಂಟಿನ ವಾಸನೆಯಲ್ಲಿ ಸ್ವಲ್ಪ ಪೆಟ್ರೋಲು, ಸ್ವಲ್ಪ ಹೊಸ ಚೆಂಡು. ಮಿಸ್ ಐಡಾ ಅವರ ಅಡುಗೆಮನೆಯಲ್ಲಿ ಅದು ಬೇಯುವ ಬೀನ್ಸಿನ ಘಮದ ಜೊತೆ ಬೆರೆತಿರುತ್ತಿತ್ತು. ನೆಲ್ ಬ್ರುಕ್ನರ್‌ಗೆ ಈಗ ತಲೆ ನರೆತಿದೆ. ಆದರೂ ಎಲ್ಲಾದರೂ ಆ ಅಂಟಿನ ವಾಸನೆ ಬಂದರೆ ಸಾಕು, ಅವಳು ಮತ್ತೆ ಹತ್ತು ವರ್ಷದವಳು.

"ಕೈ ಅಲ್ಲಾಡಿಸಬೇಡ ಕಣೇ! ಅಂಟು ಇನ್ನೂ ಒಣಗಿಲ್ಲ," ಎಂದರು ಮಿಸ್ ಐಡಾ.

ನೆಲ್ ಉಸಿರು ಬಿಗಿಹಿಡಿದು ನಿಂತಳು. ಅವಳ ಬಲಗೈಗೆ ಮೊಣಕೈವರೆಗೂ ರಟ್ಟಿನ ಕೊಳವೆ. ಅದರ ಸುತ್ತ ಮಿರಮಿರ ಮಿನುಗುವ ಫಾಯಿಲ್. ಮರುದಿನ ಹ್ಯಾಲೊವೀನ್. ಬೀದಿಯ ಮಕ್ಕಳೆಲ್ಲ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಹೋಗುತ್ತಾರೆ. ನೆಲ್‌ದು ಕರ್ನಲ್ ರಿವೆಟ್ ವೇಷ. ಟೀವಿಯಲ್ಲಿ ಬರುವ ಕರ್ನಲ್‌ಗೆ ಒಂದು ಕೈ ಕಬ್ಬಿಣದ್ದು, ಎದೆಯ ಮೇಲೆ ದೊಡ್ಡ 'ಆರ್' ಅಕ್ಷರ.

"ಬಲಗೈಯೇ ತಾನೆ? ಎಲ್ಲಾ ಆದ್ಮೇಲೆ ಎಡಗೈ ಅಂದೀಯ!"

"ಬಲಗೈಯೇ ಮಿಸ್ ಐಡಾ! ಅಷ್ಟೂ ಗೊತ್ತಿಲ್ವಾ ನಿಮ್ಗೆ?"

"ಈಗ ಗೊತ್ತಾಯ್ತಲ್ಲ, ಬಿಡು."

ನೆಲ್‌ಳ ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬರುವಾಗ ರಾತ್ರಿ ಎಂಟಾಗುತ್ತಿತ್ತು. ಹಾಗಾಗಿ ಶಾಲೆ ಬಿಟ್ಟ ಮೇಲೆ ನೆಲ್ ಎದುರು ಬಾಗಿಲಿನ ಮಿಸ್ ಐಡಾ ಅವರ ಮನೆಯಲ್ಲಿರುತ್ತಿದ್ದಳು. ಊಟವೂ ಅಲ್ಲೇ. ಹೊರಡುವಾಗ ಅಮ್ಮನಿಗೂ ಒಂದು ತಟ್ಟೆ.

ಮಿಸ್ ಐಡಾ ಅವರದು ಅಂಟಿಸುವ ಕೆಲಸ. ಅಂಗಡಿಗಳ ಜಾಹೀರಾತಿನ ಚಿತ್ರ, ಅಕ್ಷರ, ಬೆಲೆ ಎಲ್ಲವನ್ನೂ ಕತ್ತರಿಸಿ, ಬಿಳಿ ರಟ್ಟಿನ ಮೇಲೆ ಕೂದಲೆಳೆಯಷ್ಟೂ ಸೊಟ್ಟಗಾಗದಂತೆ ಅಂಟಿಸಿಕೊಡುತ್ತಿದ್ದರು. ಪ್ರೆಸ್ಸಿನವರು ಅದನ್ನು ಅಚ್ಚು ಹಾಕುತ್ತಿದ್ದರು. ಆ ರಟ್ಟುಗಳ ಮೇಲೆ ನೆಲ್ ಕಂಡಿದ್ದೆಲ್ಲ ಬರೀ ಹಂದಿಮಾಂಸ, ಸೋಪಿನ ಪುಡಿ, ಡಬ್ಬಿಯ ಬಟಾಣಿ.

ಕರೆಗಂಟೆ ಸದ್ದು ಮಾಡಿತು. ಪ್ರೆಸ್ಸಿನ ಲೆರಾಯ್ ಬಂದಿದ್ದ.

"ಅಯ್ಯೋ, ಐದು ಗಂಟೆ ಆಗೇಹೋಯ್ತಾ? ಹತ್ತು ನಿಮಿಷ ಕೂತಿರು, ಲೆರಾಯ್," ಎಂದು ಮಿಸ್ ಐಡಾ ಮೇಜಿನ ಅಂಚಿಗೆ ಸರಿಸಿದ್ದ ರಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. ಕನ್ನಡಕ ಏರಿಸಿದರು. ನೆಲ್ ಅತ್ತ ನೋಡಲೂ ಇಲ್ಲ. ಕಬ್ಬಿಣದ ಕೈಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಲು ಓಡಿದಳು.

ಮೂರು ವಾರವಾಯಿತು. ಸೋಮವಾರ ಶಾಲೆಯ ಊಟದ ಕೋಣೆಯಲ್ಲಿ ಅವಳ ತರಗತಿಯ ಕರ್ಟಿಸ್ ಒಂದು ಹಾಳೆ ಬೀಸುತ್ತ ಬಂದ. ಭಾನುವಾರದ ಪೇಪರಿನ ಜೊತೆ ಬಂದ ಆಟಿಕೆಗಳ ಜಾಹೀರಾತು ಅದು.

"ಏ ನೆಲ್, ನೋಡೇ ಇಲ್ಲಿ! ಕರ್ನಲ್‌ಗೆ ಕಬ್ಬಿಣದ ಕೈ ಎಡಗಡೆ ಕಣೇ. ನೀನು ಬಲಗೈಗೆ ಹಾಕ್ಕೊಂಡು ಬೀದಿಯೆಲ್ಲ ಮೆರೆದ್ಯಲ್ಲ!"

ನೆಲ್ ಹಾಳೆ ಕಿತ್ತುಕೊಂಡಳು. ಹೌದು, ಬಣ್ಣದ ಚಿತ್ರದಲ್ಲಿ ಕಬ್ಬಿಣದ ಕೈ ಎಡಗಡೆಗಿತ್ತು.

"ಇದು ತಪ್ಪು! ಟೀವಿಯಲ್ಲಿ ಬಲಗೈಯೇ ಇರೋದು."

"ಕಂಪನಿಯೋರಿಗೇ ಗೊತ್ತಿಲ್ಲ, ಇವಳಿಗೆ ಗೊತ್ತು! ರಾಂಗ್ ಹ್ಯಾಂಡ್ ನೆಲ್! ರಾಂಗ್ ಹ್ಯಾಂಡ್ ನೆಲ್!"

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಆ ಹೆಸರು ವಾರವಿಡೀ ಅವಳ ಬೆನ್ನು ಬಿಡಲಿಲ್ಲ. ಬಸ್ಸಿನಲ್ಲಿ ಒಂದನೇ ತರಗತಿಯ ಪುಟಾಣಿಯೂ ಹಾಗೇ ಕೂಗಿತು.

ಶುಕ್ರವಾರ ನೆಲ್ ಆಟಿಕೆ ಕಂಪನಿಗೆ ಕಾಗದ ಬರೆದಳು. ಪೆನ್ಸಿಲ್ ಒತ್ತಿ ಒತ್ತಿ ಬರೆದಳು.

'ನಿಮ್ಮ ಜಾಹೀರಾತು ತಪ್ಪು. ಕರ್ನಲ್‌ನ ಬಲಗೈ ಕಬ್ಬಿಣದ್ದು, ಎಡಗೈ ಅಲ್ಲ. ಇದನ್ನು ಮಾಡಿದವರು ಸೋಮಾರಿಗಳು. ಅವರಿಗೆ ಮಕ್ಕಳನ್ನು ಕಂಡರೆ ಒಂದು ಚೂರೂ ಪ್ರೀತಿ ಇಲ್ಲ. ಅಂಥವರನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಡಿ.'

ಕೆಳಗೆ ತನ್ನ ಪೂರ್ತಿ ಹೆಸರು, ವಿಳಾಸ.

"ಮಿಸ್ ಐಡಾ, ಒಂದು ಸ್ಟ್ಯಾಂಪ್ ಕೊಡ್ತೀರಾ?"

"ಯಾರಿಗೆ ಕಾಗದ?"

"ಅದು ಸೀಕ್ರೆಟ್!" ನೆಲ್ ವಿಳಾಸದ ಮೇಲೆ ಅಂಗೈ ಮುಚ್ಚಿದಳು.

"ಆಗಲಮ್ಮ, ನಾನೇನು ನೋಡಲ್ಲ," ಎಂದು ಮಿಸ್ ಐಡಾ ನಕ್ಕರು. ಡ್ರಾಯರಿನಿಂದ ಸ್ಟ್ಯಾಂಪ್ ತೆಗೆದು, ಮುಖ ಆಚೆ ತಿರುಗಿಸಿಯೇ ಬೆರಳಿನಿಂದ ಮೂಲೆ ತಡವಿ ಅಂಟಿಸಿದರು. ನೋಡದೆ ಅಂಟಿಸಿದರೂ ಅದು ನೆಟ್ಟಗೇ ಕೂತಿತ್ತು.

ಕ್ರಿಸ್‌ಮಸ್‌ಗೆ ಹತ್ತು ದಿನ ಇರುವಾಗ ಕಂಪನಿಯಿಂದ ಪಾರ್ಸೆಲ್ ಬಂತು. ಒಳಗೆ ಹೊಚ್ಚ ಹೊಸ ಕರ್ನಲ್ ರಿವೆಟ್ ಗೊಂಬೆ! ಕಬ್ಬಿಣದ ಕೈ ಬಲಗಡೆಗೇ ಇತ್ತು. ಜೊತೆಗೊಂದು ಕಾಗದ: 'ನೀನು ಹೇಳಿದ್ದು ಸರಿ. ತಪ್ಪು ಮಾಡಿದವರಿಗೆ ನಿನ್ನ ಪತ್ರವನ್ನು ತಲುಪಿಸಿದ್ದೇವೆ.'

ಮರುದಿನ ಕರ್ಟಿಸ್ ಆ ಕಾಗದವನ್ನು ಎರಡು ಸಲ ಓದಿದ. "ಸರಿ, ಸರಿ. ನೀನೇ ಗೆದ್ದೆ," ಎಂದ. ಗೊಂಬೆಯನ್ನು ಒಂದೇ ಒಂದು ನಿಮಿಷ ಕೊಡು ಎಂದು ಅಂಗಲಾಚಿದ.

ಸಂಜೆ ನೆಲ್ ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. "ಮಿಸ್ ಐಡಾ! ನೋಡಿ ಇಲ್ಲಿ, ನನ್ ಸೀಕ್ರೆಟ್!"

ಅಡುಗೆಮನೆಯಲ್ಲಿ ಬೀನ್ಸ್ ಬೇಯುವ ವಾಸನೆ ಇತ್ತು. ಅಷ್ಟೇ ಇತ್ತು. ಅಂಟಿನ ಡಬ್ಬಿಗೆ ಮುಚ್ಚಳ ಬಿದ್ದಿತ್ತು. ಮೇಜಿನ ಮೇಲೆ ಒಂದೇ ಒಂದು ಹಳೆಯ ರಟ್ಟು. ಅದರಲ್ಲಿ ಕರ್ನಲ್ ರಿವೆಟ್ ಕಬ್ಬಿಣದ ಎಡಗೈ ಎತ್ತಿ ನಿಂತಿದ್ದ. ರಟ್ಟಿನ ಮೂಲೆಗೆ ಕ್ಲಿಪ್ ಹಾಕಿ ಒಂದು ಕಾಗದ ಸಿಕ್ಕಿಸಿದ್ದರು.

ಆ ಅಕ್ಷರ ನೆಲ್‌ದು. 'ಮಕ್ಕಳನ್ನು ಕಂಡರೆ ಒಂದು ಚೂರೂ ಪ್ರೀತಿ ಇಲ್ಲ' ಎಂಬಲ್ಲಿ ಯಾರೋ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

ನೆಲ್ ಗೊಂಬೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಇದು... ನೀವಾ?"

"ನಾನೇ ಕಣೇ." ಮಿಸ್ ಐಡಾ ಬೀನ್ಸ್ ಕಲಕುತ್ತಿದ್ದರು. "ಅವರು ಕೊಟ್ಟ ಚಿತ್ರದಲ್ಲಿ ಅವನು ಪುಟದ ಆಚೆಗೆ ನೋಡ್ತಿದ್ದ. ನಮ್ಮ ಕೆಲಸದಲ್ಲಿ ಮುಖ ಯಾವಾಗ್ಲೂ ಪುಟದ ಒಳಗೆ ನೋಡ್ಬೇಕು. ಇಲ್ದಿದ್ರೆ ಓದೋರ ಕಣ್ಣೂ ಆಚೆ ಹೋಗ್ಬಿಡುತ್ತೆ. ಅದಕ್ಕೆ ಚಿತ್ರದ ಫಿಲ್ಮನ್ನ ಮಗುಚಿ ಹಾಕಿದೆ, ಕನ್ನಡೀಲಿ ಕಂಡ ಹಾಗೆ ಎಡ ಬಲ ಆಗೋಯ್ತು. ಎದೆ ಮೇಲಿನ ಅಕ್ಷರ ಉಲ್ಟಾ ಆಯ್ತು. ಅದನ್ನ ಕಂಡೆ, ಸರಿ ಮಾಡಿದೆ. ಕೈ ಕಡೆ ನೋಡ್ಲೇ ಇಲ್ಲ. ಲೆರಾಯ್ ಬಾಗಿಲಲ್ಲಿ ಕೂತಿದ್ನಲ್ಲ."

ಲೆರಾಯ್ ಬಾಗಿಲಲ್ಲಿ ಕೂತಿದ್ದ ಸಂಜೆ! ನೆಲ್‌ಗೆ ನೆನಪಾಯಿತು. ಮಧ್ಯಾಹ್ನ ಮೂರರಿಂದ ಐದರವರೆಗೆ ಆ ಮೇಜಿನ ಮೇಲೆ ಫಾಯಿಲ್, ರಟ್ಟಿನ ಕೊಳವೆ ಹರಡಿದ್ದವು. ಆ ಎರಡು ಗಂಟೆ ಮಿಸ್ ಐಡಾ ಅವರ ಕೈಯಲ್ಲಿದ್ದದ್ದು ಈ ರಟ್ಟಲ್ಲ, ನೆಲ್‌ಳ ಬಲಗೈ.

ಅವಳು ರಟ್ಟಿನ ಮೇಲೆ ಬಗ್ಗಿದಳು. ಕರ್ನಲ್‌ನ ಎದೆಯ 'ಆರ್' ಅಕ್ಷರ ಬೆರಳಿನ ಉಗುರಿಗಿಂತ ಚಿಕ್ಕದು. ಅದನ್ನು ಬೇರೆಯಾಗಿ ಕತ್ತರಿಸಿ ಅಂಟಿಸಿದ್ದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಬೆರಳಾಡಿಸಿದರೆ ಮಾತ್ರ ಅಂಚು ತಾಕುತ್ತಿತ್ತು.

"ಕೆಲಸದಿಂದ ತೆಗೆದ್ರಾ?"

"ಆಟಿಕೆ ಕೆಲಸ ಇನ್ನು ನನಗೆ ಬರಲ್ಲ. ಹಂದಿಮಾಂಸ, ಬಟಾಣಿದು... ಹೊಸ ವರ್ಷ ಆದ್ಮೇಲೆ ನೋಡೋಣ ಅಂದಿದ್ದಾರೆ."

"ನಾನು ಇನ್ನೊಂದು ಕಾಗದ ಬರೀತೀನಿ! ಅದೆಲ್ಲ ಸುಳ್ಳು ಅಂತ ಬರೀತೀನಿ!"

"ಸುಳ್ಳಲ್ವಲ್ಲೇ. ಕೈ ತಪ್ಪಾಗಿತ್ತು, ನೀನು ಸರಿಯಾಗೇ ಹೇಳ್ದೆ."

"ಅದಲ್ಲ... ಇನ್ನೊಂದು ಬರ್ದಿದ್ದೆ..."

ಮಿಸ್ ಐಡಾ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿ ಒಲೆ ಆರಿಸಿದರು. ಆಮೇಲೆ ಎಂದಿನಂತೆ ಇಬ್ಬರಿಗೂ ಬಡಿಸಿದರು. ನೆಲ್ ಬೀನ್ಸನ್ನು ತಟ್ಟೆಯ ಅಂಚಿಗೆ ಸರಿಸುತ್ತ ಕೂತಳು.

ಎಂಟು ಗಂಟೆಗೆ ಎದುರು ಬಾಗಿಲಿನ ಬೀಗದ ಸದ್ದಾಯಿತು. ಅಮ್ಮ ಬಂದಿದ್ದಳು. ನೆಲ್ ಎದ್ದಳು. ಗೊಂಬೆಯನ್ನು ಕೋಟಿನ ಜೇಬಿಗೆ ತುರುಕಿದಳು, ಆಳಕ್ಕೆ.

ಮಿಸ್ ಐಡಾ ಅಮ್ಮನ ತಟ್ಟೆಗೆ ಬೀನ್ಸ್ ಹಾಕಿದರು. ಮೆಕ್ಕೆಜೋಳದ ಬ್ರೆಡ್ಡಿನ ದೊಡ್ಡ ತುಂಡನ್ನೇ ಆರಿಸಿ ಇಟ್ಟರು. ಫಾಯಿಲ್ ಹರಿದು ಮೇಲೆ ಹೊದಿಸಿ, ಸುತ್ತಲೂ ಅಂಚನ್ನು ಒತ್ತಿದರು. ಅಂದು ಅವಳ ಕೈಗೆ ಸುತ್ತಿದ ಹಾಗೆಯೇ, ಒಂದು ಸುಕ್ಕೂ ಇಲ್ಲದಂತೆ.

"ಬಿಸಿ ಇದೆ," ಎಂದು ಮೆಲ್ಲಗೆ ಹೇಳಿ ತಟ್ಟೆಯನ್ನು ಮುಂದೆ ಚಾಚಿದರು. "ಎರಡೂ ಕೈಯಲ್ಲಿ ಹಿಡ್ಕೋ."

ನೆಲ್ ಎರಡೂ ಕೈ ಚಾಚಿದಳು.