ವಿಲೋಫೋರ್ಡ್ ಬ್ಯಾಂಕಿನ ನೋಟು

೨೦೦೦ನೇ ಇಸವಿ ನವೆಂಬರ್ ೬, ಸೋಮವಾರ ಬೆಳಿಗ್ಗೆ ಅಮೆರಿಕದ ಸಮರ್‌ಸೆಟ್ ಪೊಲೀಸ್ ಠಾಣೆಗೆ ದೂರು ಬಂತು. ಸಾಫ್ಟ್‌ವೇರ್ ಕಂಪನಿಯೊಂದರ ಪಾಲುದಾರ ಶಶಿಧರನ ಮನೆಯಲ್ಲಿ ಹಳೆಯ ನೋಟೊಂದು ಕಳುವಾಗಿತ್ತು. ಹಿಂದೆ ಅಮೆರಿಕದ ಸಣ್ಣ ಊರುಗಳ ಬ್ಯಾಂಕುಗಳು ತಮ್ಮ ಹೆಸರಿನಲ್ಲೇ ನೋಟು ಹೊರಡಿಸುತ್ತಿದ್ದವು. ವಿಲೋಫೋರ್ಡ್ ಎಂಬ ಊರಿನ ಬ್ಯಾಂಕಿನದು ಉಳಿದಿದ್ದದ್ದು ಇದೊಂದೇ. ಒಂದು ಕಲೆ ತಗುಲಿದರೂ ಸಂಗ್ರಹಕಾರರ ಪಾಲಿಗೆ ಅದು ಮುಗಿದಂತೆ.

ಮೈಸೂರು ಮೂಲದ ಡಿಟೆಕ್ಟಿವ್ ತಾಹಾ ಕಪಾಟು ಪರೀಕ್ಷಿಸಿದ. ಬೀಗ ಒಡೆದಿರಲಿಲ್ಲ. ಇನ್ನೂ ದುಬಾರಿಯಾದ ನೋಟುಗಳು ಪಕ್ಕದಲ್ಲೇ ಇದ್ದವು.

“ಯಾರು ಬಂದಿದ್ರು?”

“ಶನಿವಾರ ದೀಪಾವಳಿ ಪಾರ್ಟಿ. ಮನೆ ತುಂಬ ಜನ.”

“ನೀವು ಇದನ್ನ ಕೊಂಡ ಹರಾಜಲ್ಲಿ ಪೈಪೋಟಿ ಮಾಡಿದ್ದು ಯಾರು?”

ಶಶಿಧರ ನಕ್ಕ. “ಅಮರೇಶ್ವರ ಅಂಕಲ್. ಅವ್ರೂ ಪಾರ್ಟಿಗೆ ಬಂದಿದ್ರು. ಪಾಪ, ರಿಟೈರ್ಡ್. ನಾನು ಆಫೀಸಿಂದ ಎರಡು ಕಾಲ್ ಮಾಡಿ ಎತ್ಕೊಂಡ್ಬಿಟ್ಟೆ!”

ಹಣದ ಕಳ್ಳ ದುಬಾರಿಯದನ್ನು ಬಿಟ್ಟು ಹೋಗುವುದಿಲ್ಲ. ತಾಹಾ ವಾರವಿಡೀ ನೋಟು ವ್ಯಾಪಾರಿಗಳನ್ನು ವಿಚಾರಿಸಿದ. ಯಾರೂ ಮಾರಲು ಬಂದಿರಲಿಲ್ಲ. ಶನಿವಾರ ವುಡ್‌ಬ್ರಿಡ್ಜ್‌ನಲ್ಲಿರುವ ಅಮರೇಶ್ವರರ ಮನೆಗೆ ಹೋದ.

“ಬರ್ರಿ, ಕೂಡ್ರಿ,” ಎಂದ ಅಮರೇಶ್ವರ ತಾವಾಗಿಯೇ ಆಲ್ಬಮ್ ತೆರೆದರು. ವಿಲೋಫೋರ್ಡ್ ಸುತ್ತಲಿನ ಊರುಗಳ ನೋಟುಗಳೆಲ್ಲ ಇದ್ದವು. ಒಂದು ಜಾಗ ಖಾಲಿ.

“ಇದ್ಯಾಕೆ ಖಾಲಿ, ಅಂಕಲ್?”

“ಸಿಗಲಿಲ್ಲಪಾ.”

ಚಹಾ ತಂದ ಹೆಂಡತಿ ಶೈಲಮ್ಮ ಆಲ್ಬಮ್ ನೋಡಿದರು. “ಇಂಥಾದ್ದಽ ಒಂದು ಲಕ್ಷ್ಮೀ ಫೋಟೋದ ಹಿಂದ ಸಿಕ್ತು ನೋಡ್ರಿ. ಇವರು ಪೂಜಾಕ್ಕ ಇಟ್ಟಾರಂತ ನಿನ್ನೆ ಶುಕ್ರವಾರ ಅರಿಷಿಣ-ಕುಂಕುಮ ಹಚ್ಚೀನಿ.”

ಅಮರೇಶ್ವರ ಆಲ್ಬಮ್ ಮುಚ್ಚಿದರು. ಯಾರೂ ಮುಟ್ಟದ ಜಾಗವೆಂದು ಅಲ್ಲಿಟ್ಟಿದ್ದರು. ತಾವೇ ಎದ್ದುಹೋಗಿ ನೋಟು ತಂದರು. ಒದ್ದೆ ಬೆರಳಿನ ಕೆಂಪು ಬ್ಯಾಂಕಿನ ಹೆಸರಿನ ಮೇಲೆಲ್ಲ ಹರಡಿತ್ತು.

“ಏನಾತ್ರೀ? ನೀರು ಹಚ್ಚಿ ಒರಸ್ಲೇನು?”

“ಬ್ಯಾಡ.”

ತಾಹಾ ನೋಟನ್ನು ವಶಪಡಿಸಿಕೊಂಡು, ಬಂಧಿತನ ಹಕ್ಕುಗಳನ್ನು ಓದಿ ಹೇಳಿದ. ಕಾರು ಹತ್ತುವಾಗ ಅಮರೇಶ್ವರ ದನಿ ತಗ್ಗಿಸಿದರು. “ನಾ ಕದ್ದೀನಿ ಅಂತ ಬರಕೋರಿ. ಆಕಿ ಕುಂಕುಮ ಹಚ್ಚಿದ್ದು ಬರೀಬ್ಯಾಡ್ರಿ.”

ತಾಹಾ ಬರೆಯಲೇಬೇಕಿತ್ತು.

ಸುದ್ದಿ ತಿಳಿಸಿದಾಗ ಶಶಿಧರ, “ಕಲೆ ಆಯ್ತಾ? ಬಿಡಿ, ಇನ್ಶೂರೆನ್ಸ್ ಇದೆ,” ಎಂದ.

ಠಾಣೆಯಲ್ಲಿ ಅಮರೇಶ್ವರ ವಕೀಲರನ್ನು ಕೇಳಲಿಲ್ಲ. ಇಪ್ಪತ್ತು ವರ್ಷ ಆ ಒಂದು ನೋಟಿಗಾಗಿ ಊರೂರು ಅಲೆದಿದ್ದೆ ಎಂದಷ್ಟೇ ಹೇಳಿದರು. “ಪಾರ್ಟಿದಾಗ ಒಮ್ಮೆ ತೋರಿಸಪಾ ಅಂದೆ. ಕಪಾಟಿನ ಕೀಲಿ ಕೈಯಾಗಿಟ್ಟು, ‘ಯಾವ ಊರಿಂದು ಅಂಕಲ್ ಅದು? ನೀವೇ ಹುಡುಕ್ಕೊಳ್ಳಿ’ ಅಂದ.”